ಮಲಗಲು ಬಂದ ದೇವರು

ಹಾಸಿಗೆ ಅಂಗಡಿಯಲ್ಲಿ ದುಡಿಯುವ ಮನುಷ್ಯನಿಗೇ ನಿದ್ದೆಯಿಲ್ಲ ಎನ್ನುವುದು ಆ ಬೀದಿಯವರಿಗೆ ಒಳ್ಳೆಯ ತಮಾಷೆಯಾಗಿತ್ತು. ಅವನಿಗೆ ಗೂಬಣ್ಣ ಎಂದು ಹೆಸರಿಟ್ಟವರು ಅಂಗಡಿಯ ಯಜಮಾನರು. ಇಟ್ಟದ್ದು ಪ್ರೀತಿಯಿಂದಲೇ. ಬೆಳಗ್ಗೆ ಅವರು ಬಂದು ಬಾಗಿಲು ತೆಗೆದರೆ, ಮೇಲಿನ ಕೋಣೆಯಲ್ಲಿ ವಾಸವಿದ್ದ ಇವನು ಆಗಲೇ ಕೆಳಗಿಳಿದು ಹತ್ತಿಯ ರಾಶಿಯ ಪಕ್ಕ ಕುಳಿತು ದಬ್ಬಳಕ್ಕೆ ದಾರ ಪೋಣಿಸುತ್ತಿರುತ್ತಿದ್ದ. ಸಂಜೆ ಅವರು ಮನೆಗೆ ಹೊರಟಾಗಲೂ ಅದೇ ಕೆಂಪು ಕಣ್ಣುಗಳು ಅಗಲವಾಗಿ ತೆರೆದುಕೊಂಡಿರುತ್ತಿದ್ದವು.

"ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ. ನಿನಗೆ ಹಾಸಿಗೆ ಅಂಗಡೀಲೂ ಇಲ್ಲವಲ್ಲೋ" ಎಂದು ಯಜಮಾನರು ನಗುತ್ತಿದ್ದರು.

ಯಜಮಾನರಿಗೆ ಮಾತ್ರ ಆ ಕೊರತೆ ಇರಲಿಲ್ಲ. ದೊಡ್ಡ ದೇಹದ ಮನುಷ್ಯ. ಹೊಲಿದು ಮುಗಿಸಿದ ಪ್ರತಿ ಹಾಸಿಗೆಯ ಮೇಲೂ ಮಧ್ಯಾಹ್ನದ ಊಟವಾದ ಮೇಲೆ ಒಮ್ಮೆ ಅಂಗಾತ ಮಲಗಿ ನೋಡುವುದು ಅವರ ಪದ್ಧತಿ. ಗೊರಕೆ ಬಂದರೆ ಹಾಸಿಗೆ ಪಾಸು. ಮಗ್ಗಲು ಬದಲಿಸಿ ಗೊಣಗಿದರೆ ಹೊಲಿಗೆ ಬಿಚ್ಚಿ ಹತ್ತಿಯನ್ನು ಮತ್ತೆ ಹಿಂಜಬೇಕು. ಅಂಗಡಿಯ ಹಿಂದುಗಡೆ ಹತ್ತಿ ಹಿಂಜುವ ಯಂತ್ರವಿತ್ತು. ಅದು ತಿರುಗಿದಾಗ ಎದ್ದ ಹತ್ತಿಯ ಎಳೆಗಳು ಪಶ್ಚಿಮದ ಕಿಟಕಿಯ ಬಿಸಿಲಿನಲ್ಲಿ ಎಲ್ಲಿಗೂ ಹೋಗುವ ಆತುರವಿಲ್ಲದೆ ತೇಲುತ್ತಿದ್ದವು. ಗೋಡೆಯ ಗಡಿಯಾರದ ಮೇಲೆ, ಚಹಾದ ಲೋಟದ ಅಂಚಿನಲ್ಲಿ, ಗೂಬಣ್ಣನ ಹುಬ್ಬಿನ ಮೇಲೆ ಕೂರುತ್ತಿದ್ದವು. ಹೊರಗಿನಿಂದ ಬಂದವರಿಗೆ ಒಳಗೆ ಕಾಲಿಟ್ಟ ಕೂಡಲೇ ಆಕಳಿಕೆ ಬರುತ್ತಿತ್ತು.

ಅವನಿಗೆ ನಿದ್ದೆ ಬರುತ್ತಿರಲಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಬರುತ್ತಿತ್ತು. ಇವನೇ ಅದನ್ನು ಬಾಗಿಲಿನಿಂದ ವಾಪಸು ಕಳಿಸುತ್ತಿದ್ದ. ಮೇಲಿನ ಕೋಣೆಯಲ್ಲಿ ಮಂಚವಿತ್ತು, ಆದರೆ ಅದರ ಮೇಲೆ ಬಟ್ಟೆಬರೆ ಇಟ್ಟುಕೊಂಡಿದ್ದ. ತಾನು ಬೆನ್ನು ನೆಟ್ಟಗಿನ ಮರದ ಕುರ್ಚಿಯಲ್ಲಿ ಕೂರುತ್ತಿದ್ದ. ಕತ್ತು ವಾಲಿದ ತಕ್ಷಣ ಬೆಚ್ಚಿ ಏಳುತ್ತಿದ್ದ. ಹೀಗೆ ವರ್ಷಗಟ್ಟಲೆ ಎಚ್ಚರಕ್ಕೂ ನಿದ್ದೆಗೂ ನಡುವಿನ ಮಸುಕಿನಲ್ಲೇ ಬದುಕಿದ್ದ. ಅಲ್ಲಿ ಹಾಸಿಗೆ ಬಟ್ಟೆಯ ನೀಲಿ ಪಟ್ಟೆಗಳು ಒಮ್ಮೊಮ್ಮೆ ಉದ್ದನೆಯ ರಸ್ತೆಯಾಗಿ ಚಾಚಿಕೊಳ್ಳುತ್ತಿದ್ದವು. ಅವನು ದಬ್ಬಳ ಕೆಳಗಿಟ್ಟು ಮುಖಕ್ಕೆ ತಣ್ಣೀರು ಹಾಕಿಕೊಂಡು ಬರುತ್ತಿದ್ದ.

ಮೊದಲು ಅವನು ವ್ಯಾನ್ ಓಡಿಸುತ್ತಿದ್ದ. ಒಂದು ಬೇಸಿಗೆಯಲ್ಲಿ ನೆಂಟರ ಮದುವೆಯ ಊಟ ಮುಗಿಸಿಕೊಂಡು ಅಕ್ಕ, ಭಾವ, ಅವರ ಪುಟ್ಟ ಮಗಳು ಮೂವರನ್ನೂ ಕೂರಿಸಿಕೊಂಡು ಊರಿಗೆ ಮರಳುತ್ತಿದ್ದ. ಹೊಟ್ಟೆ ತುಂಬಿತ್ತು, ರಸ್ತೆ ನೇರವಾಗಿತ್ತು, ಗಾಜಿನಾಚೆ ಬಿಸಿಲು ನೀರಿನ ಹಾಗೆ ನಡುಗುತ್ತಿತ್ತು. ಹಿಂದಿನ ಸೀಟಿನಲ್ಲಿ ಅಕ್ಕ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಮಲಗಿದ್ದಳು. ಪಕ್ಕದಲ್ಲಿದ್ದ ಭಾವನ ತಲೆ ಕಿಟಕಿಗೆ ಒರಗಿತ್ತು. ರಸ್ತೆಯ ಬದಿಯಲ್ಲಿ ಕೆಟ್ಟು ನಿಂತಿದ್ದ ಲಾರಿಯನ್ನು ಇವನು ನೋಡಲೇ ಇಲ್ಲ. ಅಕ್ಕನ ಕೈ ಮುರಿಯಿತು. ಮಗುವಿಗೆ ಏನೂ ಆಗಲಿಲ್ಲ. ಇವನ ಹಣೆ ಒಂದಿಷ್ಟು ಸೀಳಿತು. ಭಾವ ಎಚ್ಚರಗೊಳ್ಳಲೇ ಇಲ್ಲ.

ಪೊಲೀಸರು ಕೇಳಿದಾಗ ಅವನು ಬ್ರೇಕು, ಟೈರು ಎಂದು ಏನನ್ನೂ ದೂರಲಿಲ್ಲ. "ನಿದ್ದೆ ಬಂತು" ಎಂದ. ಕೋರ್ಟಿನಲ್ಲೂ ಅದನ್ನೇ ಹೇಳಿದ. ಶಿಕ್ಷೆ ಮುಗಿಸಿ ಹೊರಬಂದ ಮೇಲೆ, ಜೈಲಿಗೂ ಬಂದು ನೋಡಿ ಹೋಗುತ್ತಿದ್ದ ಚರ್ಚಿನ ಮುದಿ ಫಾದರ್ ಈ ಕೆಲಸ ಕೊಡಿಸಿದರು. ಅಕ್ಕನ ಮನೆ ಚರ್ಚಿನ ಹಿಂದಿನ ಬೀದಿಯಲ್ಲಿತ್ತು. ಇವನು ಎದುರು ಬಂದರೆ ಅವಳು ರಸ್ತೆ ದಾಟಿ ಆ ಬದಿಗೆ ಹೋಗುತ್ತಿದ್ದಳು. ಅಮ್ಮ ಹೋದ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಆ ಬೆನ್ನು ದೂರವಾಗುವುದನ್ನು ಅವನು ನಿಂತು ನೋಡುತ್ತಿದ್ದ. ಅವಳದು ತಪ್ಪು ಎಂದು ಅವನಿಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಕ್ರಿಸ್‌ಮಸ್ ಹತ್ತಿರವಾಗುತ್ತಿದ್ದ ಒಂದು ಮಧ್ಯಾಹ್ನ, ಯಜಮಾನರು ಹೊಸ ಹಾಸಿಗೆಯೊಂದನ್ನು ಗೊರಕೆಯಿಂದ ಪರೀಕ್ಷಿಸುತ್ತಿದ್ದಾಗ, ತುಂಬಿದ ಬಸುರಿಯೊಬ್ಬಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತಳು.

"ಮಾವ" ಎಂದಳು.

ಅವನಿಗೆ ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು. ಹಿಂದಿನ ಸೀಟಿನಲ್ಲಿ ಮಲಗಿದ್ದ ಮಗು ಇಷ್ಟು ಬೆಳೆದಿತ್ತು. ಮದುವೆಯಾಗಿದ್ದು, ಗಂಡ ಹಡಗಿನ ಕೆಲಸದಲ್ಲಿರುವುದು, ಹೆರಿಗೆಗೆ ತಾಯಿಯ ಮನೆಗೆ ಬಂದಿರುವುದು ಎಲ್ಲ ಅವರಿವರ ಬಾಯಿಂದ ಕೇಳಿದ್ದ.

"ಪುಟ್ಟೀ, ನೀನು ಇಲ್ಲಿಗೆ ಬರಬಾರದಿತ್ತು. ಅಮ್ಮನಿಗೆ ಗೊತ್ತಾದ್ರೆ?"

"ಗೊತ್ತಾದಾಗ ನೋಡ್ಕೊಳ್ಳೋಣ. ಮೊದಲು ಕೂರೋಕೆ ಏನಾದ್ರೂ ಕೊಡು. ಹಾಸಿಗೆ ಅಂಗಡೀಲಿ ಬಸುರಿಯನ್ನ ನಿಲ್ಲಿಸ್ತೀಯಲ್ಲ!"

ಅವನು ಗಾಬರಿಯಿಂದ ಮೂರು ದಿಂಬು ತಂದು ಒಟ್ಟಿದ. ಅವಳು ಕುಳಿತು, ತೇಲುವ ಹತ್ತಿಯ ಎಳೆಯೊಂದನ್ನು ಅಂಗೈಯಲ್ಲಿ ಹಿಡಿದಳು.

"ತೊಟ್ಟಿಲಿಗೆ ಒಂದು ಪುಟ್ಟ ಹಾಸಿಗೆ ಬೇಕು ಮಾವ. ನೀನೇ ಹೊಲಿದುಕೊಡು."

"ಬೇರೆಯವರ ಕೈಲಿ ಹೊಲಿಸಿಕೊಡ್ತೀನಿ. ಒಳ್ಳೆ ಕೆಲಸದವರಿದಾರೆ."

"ನೀನೇ" ಎಂದಳು. "ನನಗೆ ಆವತ್ತಿನದು ಏನೂ ನೆನಪಿಲ್ಲ. ಅದಕ್ಕೂ ಮುಂಚಿನದು ನೆನಪಿದೆ. ನಿನ್ನ ಹೆಗಲ ಮೇಲೆ ಕೂತು ಪೇಟೆಗೆ ಹೋಗ್ತಿದ್ದದ್ದು."

ಅವನು ಅತ್ಯಂತ ಮೆತ್ತನೆಯ ಅರಳೆಯನ್ನು ಆರಿಸಿದ. ಯಂತ್ರಕ್ಕೆ ಹಾಕದೆ ಬೆರಳಿನಿಂದಲೇ ಬಿಡಿಸಿದ. ಸಾಸಿವೆಯಷ್ಟು ಬೀಜದ ಚೂರೊಂದು ಸಿಕ್ಕರೂ ಮಗುವಿನ ಬೆನ್ನಿಗೆ ಒತ್ತುತ್ತದೆ ಎನ್ನುವವನಂತೆ ಹುಡುಕಿ ಹುಡುಕಿ ತೆಗೆದ. ಯಜಮಾನರು ಆ ಹಾಸಿಗೆಯ ಪಕ್ಕ ನಿಂತು, "ಇದನ್ನ ನಾನು ಹೇಗಪ್ಪ ಪರೀಕ್ಷೆ ಮಾಡ್ಲಿ? ಒಂದು ಕೆನ್ನೆ ಇಡಬಹುದು ಅಷ್ಟೇ" ಎಂದು ನಿಜವಾಗಿಯೂ ಬಗ್ಗಿ ಕೆನ್ನೆ ಇಟ್ಟರು. ಕಣ್ಣು ಮುಚ್ಚಿಕೊಂಡೇ, "ಪಾಸು" ಎಂದರು.

ಮಗು ಹುಟ್ಟಿದ ಸುದ್ದಿ ಬಂತು. ಅದಾದ ಸ್ವಲ್ಪ ದಿನಕ್ಕೆ ಅಕ್ಕನೂ ಬಂದಳು.

ಅವಳು ಅವನ ಕಡೆ ನೋಡಲಿಲ್ಲ. ನೇರವಾಗಿ ಯಜಮಾನರ ಮೇಜಿನ ಮುಂದೆ ಹೋಗಿ ಪುಟ್ಟ ಹಾಸಿಗೆಯನ್ನು ಇಟ್ಟಳು. "ಇದನ್ನ ವಾಪಸು ತಗೊಳ್ಳಿ."

"ಯಾಕೆ ತಾಯಿ? ಮಗೂಗೆ ಸರಿಹೋಗಲಿಲ್ವಾ?"

"ಮಗೂಗೆ ಸರಿಹೋಗಿದೆ. ನನಗೆ ಹೋಗಿಲ್ಲ. ಅಂಚಿನ ಗಂಟು ನೋಡಿದ್ರೆ ಗೊತ್ತಾಗಲ್ವಾ ಯಾರ ಕೈಯದು ಅಂತ? ಆ ಗಂಟು ಹಾಕೋದನ್ನ ಕಲಿಸಿದವಳೇ ನಾನು." ಅವಳು ಹಾಸಿಗೆಯನ್ನು ಮೇಜಿನ ಆಚೆಗೆ ತಳ್ಳಿದಳು. "ಆ ಕೈಯಿಂದ ನಮ್ಮನೆಗೆ ಆಗಿದ್ದು ಸಾಕು."

ಅವಳು ಹೊರಟುಹೋದ ಮೇಲೆ ಯಜಮಾನರಿಗೆ ಯಾವ ತಮಾಷೆಯೂ ಹೊಳೆಯಲಿಲ್ಲ. ಗೂಬಣ್ಣ ದಾರ ಕತ್ತರಿಸಿದ, ಪೋಣಿಸಿದ, ಮತ್ತೆ ಕತ್ತರಿಸಿದ. ಕೊನೆಗೆ ಯಜಮಾನರೇ, "ಚರ್ಚಿಗೆ ಕೊಟ್ಟು ಬಾ. ಗೋದಲಿ ಕಟ್ಟುತಾ ಇದಾರಲ್ಲ, ಕೊಟ್ಟಿಗೇಲಿ ಹುಟ್ಟಿದ ಆ ಮಗೂನಾದ್ರೂ ಮಲಗಿಸ್ಲಿ" ಎಂದರು.

ಚರ್ಚಿನೊಳಗೆ ಫಾದರ್ ಬಿಟ್ಟು ಬೇರೆ ಯಾರೂ ಇರಲಿಲ್ಲ. ಬಣ್ಣದ ಗಾಜಿನಿಂದ ಇಳಿದ ಬೆಳಕು ಬೆಂಚುಗಳ ಮೇಲೆ ಹಸಿರಾಗಿ, ಜೇನಿನ ಬಣ್ಣವಾಗಿ ಬಿದ್ದಿತ್ತು. ಫಾದರ್ ಪಕ್ಕದ ಮೂಲೆಯಲ್ಲಿ ಮೊಣಕಾಲೂರಿ, ಕ್ರಿಸ್ತ ಹುಟ್ಟಿದ ಕೊಟ್ಟಿಗೆಯನ್ನು ಕಟ್ಟುತ್ತಿದ್ದರು. ಹುಲ್ಲು ಹರಡಿತ್ತು, ಮರದ ಹಸು ಕತ್ತೆಗಳು ಇನ್ನೂ ಪೆಟ್ಟಿಗೆಯಿಂದ ಅರ್ಧ ಹೊರಬಂದಿದ್ದವು. ಮಗುವಿನ ವಿಗ್ರಹ ನಿಜವಾದ ಕೂಸಿನಷ್ಟೇ ಇತ್ತು. ಬಣ್ಣ ಅಲ್ಲಲ್ಲಿ ಚಕ್ಕೆ ಎದ್ದಿತ್ತು, ಕಣ್ಣು ಮುಚ್ಚಿತ್ತು.

"ಯಾರಿಗೆ ಹೊಲಿದದ್ದು ಇದು?" ಫಾದರ್ ಹಾಸಿಗೆಯನ್ನು ಅಂಗೈಯಿಂದ ಒತ್ತಿ ನೋಡಿದರು.

"ಅಕ್ಕನ ಮೊಮ್ಮಗೂಗೆ. ಬೇಡ ಅಂತ ತಂದುಕೊಟ್ಲು."

ಫಾದರ್ ಅದನ್ನು ಹುಲ್ಲಿನ ಮೇಲೆ ಹಾಸಿ, ವಿಗ್ರಹವನ್ನು ಎತ್ತಿ ಮಲಗಿಸಿದರು. "ಈ ಮಗು ಬೇಡ ಅನ್ನಲ್ಲಪ್ಪ. ಯಾರ ಕೈಯದಾದ್ರೂ ಸರಿ, ಮಲಗಿಬಿಡುತ್ತೆ."

ಗೂಬಣ್ಣ ನೆಲದ ಮೇಲೆ ಕುಳಿತ. ಬಹಳ ದಿನದಿಂದ ಒಳಗಿದ್ದ ಮಾತು ಆ ಬಣ್ಣದ ಬೆಳಕಿನಲ್ಲಿ ತಾನಾಗಿ ಹೊರಬಂತು. "ಫಾದರ್, ಪಾಪ ಕ್ಷಮಿಸೋಕೆ ದೇವರು ಹುಟ್ಟಬೇಕಿತ್ತಾ? ಮೇಲಿಂದ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ."

ಫಾದರ್ ಕೈಗಂಟಿದ್ದ ಹುಲ್ಲನ್ನು ಒಂದೊಂದಾಗಿ ತೆಗೆದರು. "ನಾನು ಮುದುಕ ಆಗೋವರೆಗೂ ಕ್ರಿಸ್‌ಮಸ್ ಉಪದೇಶದಲ್ಲಿ ಓಡೋಡಿ ಶಿಲುಬೆ ಹತ್ರ ಹೋಗಿಬಿಡ್ತಿದ್ದೆ. ಸಾಯೋಕೆ ಹುಟ್ಟಿದ, ಸತ್ತು ನಮ್ಮನ್ನ ಬಿಡಿಸಿದ ಅಂತ. ಅದು ಸುಳ್ಳಲ್ಲ. ಆದ್ರೆ ಈ ತೊಟ್ಟಿಲ ಹತ್ರ ನಾನು ನಿಂತೇ ಇರಲಿಲ್ಲ. ಈಗ ಮಂಡಿ ನೋವು, ಬಗ್ಗಿದ್ರೆ ಬೇಗ ಏಳೋಕಾಗಲ್ಲ. ಅದಕ್ಕೇ ಇಲ್ಲೇ ಇದ್ದು ನೋಡ್ತಿದೀನಿ." ಅವರು ನಕ್ಕರು. "ತಪ್ಪು ಮಾಡಿದ್ರೆ ನಾವು ಏನು ಕೇಳ್ಕೊತೀವಿ? ಹೊಟ್ಟೆಗೆ ಹಾಕ್ಕೊಳ್ಳಿ ಅಂತೀವಿ. ಕ್ಷಮಿಸಿ ಅನ್ನೋದಕ್ಕಿಂತ ಅದು ದೊಡ್ಡ ಮಾತು. ಮೇಲಿಂದ ಹೇಳಿದ ಮಾತು ಕಿವಿಗೆ ಹೋಗುತ್ತೆ. ಹೊಟ್ಟೆಗೆ ಹಾಕ್ಕೋಬೇಕು ಅಂದ್ರೆ ಹೊಟ್ಟೆ ಇರಬೇಕಲ್ಲ? ಹಸಿವು, ದಣಿವು, ಜ್ವರ, ನಿದ್ದೆ ಎಲ್ಲ ಇರೋ ಮೈ ಬೇಕಲ್ಲ? ಅದಕ್ಕೆ ಒಬ್ಬ ತಾಯಿ ಹೊಟ್ಟೆಗೆ ಬಂದ."

"ನಿದ್ದೆಯೂ?"

"ನಿದ್ದೆಯೂ. ತೂಕಡಿಸದ ದೇವರು ಅಂತ ನಮ್ಮ ಹಿರಿಯರು ಹಾಡಿ ಹೊಗಳ್ತಿದ್ರು. ನೋಡಿಲ್ಲಿ, ಕಣ್ಣು ಮುಚ್ಚಿದಾನೆ. ಜಗತ್ತನ್ನ ಕಾಯೋನು ಅಪ್ಪ ಅಮ್ಮ ಆದ ಇಬ್ಬರು ಬಡವರ ಮೇಲೆ ನಂಬಿಕೆ ಇಟ್ಟು ಮಲಗಿಬಿಟ್ಟ."

ಗೂಬಣ್ಣನ ಮುಖ ಬಿಗಿಯಿತು. "ಅವನು ನಿದ್ದೆ ಮಾಡಿದ್ದಕ್ಕೆ ಯಾರೂ ಸಾಯಲಿಲ್ಲ ಫಾದರ್."

ಫಾದರ್ ವಿಗ್ರಹದ ಕೆಳಗಿನ ಹಾಸಿಗೆಯ ಅಂಚನ್ನು ಸರಿಪಡಿಸಿದರು. ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಆಮೇಲೆ ಮೆಲ್ಲಗೆ ಹೇಳಿದರು: "ಆ ಮಗು ಹುಟ್ಟಿದ ಊರಿನಲ್ಲಿ ಇದನ್ನ ಮುಗಿಸಬೇಕು ಅಂತ ರಾಜ ಎಷ್ಟೋ ಕೂಸುಗಳನ್ನ ಕೊಲ್ಲಿಸಿದ. ಇದು ತಾಯಿ ತೋಳಲ್ಲಿ ಮಲಗಿತ್ತು, ಎತ್ಕೊಂಡು ಓಡಿದ್ರು. ಬೇರೆಯವರ ಮಕ್ಕಳು ಹೋದವು, ಇದು ಉಳೀತು. ನಿನ್ನದೂ ಅದೂ ಒಂದೇ ಅಂತ ನಾನು ಹೇಳಲ್ಲ. ಆದ್ರೆ ತಾನೊಬ್ಬ ಉಳಿದಿದ್ದರ ಭಾರ ಏನು ಅಂತ ಅವನಿಗೆ ಗೊತ್ತಿಲ್ಲ ಅಂದ್ಕೋಬೇಡ. ಬಾವಿಗೆ ಬಿದ್ದವರಿಗೆ ಮೇಲೆ ನಿಂತು ಹಗ್ಗ ಎಸೆಯಬಹುದಿತ್ತು. ಅವನು ಬಾವಿಗೇ ಇಳಿದ. ನಾವೆಲ್ಲ ಎಲ್ಲಿ ಬಿದ್ದಿದೀವೋ ಅಲ್ಲಿಗೆ."

ಅವನು ಎದ್ದು ಬಂದ. ಸಮಾಧಾನವಾಯಿತು ಎಂದೇನಲ್ಲ. ಆದರೆ ಆ ಮುಚ್ಚಿದ ಮರದ ಕಣ್ಣುಗಳು ಅವನ ಜೊತೆಯಲ್ಲೇ ಅಂಗಡಿಗೆ ಬಂದವು.

ಈ ನಡುವೆ ಬಾಣಂತಿಗೆ ಜ್ವರ ಏರಿತು. ಮತ್ತೆ ಆಸ್ಪತ್ರೆಗೆ ಸೇರಿಸಿದರು. ಸೋಂಕು ಇಳಿಯುವ ತನಕ ಮಗು ಹತ್ತಿರ ಇರಬಾರದು ಎಂದರಂತೆ. ಅಕ್ಕ ಒಬ್ಬಳೇ ಮನೆಯಲ್ಲಿ ಹಸುಗೂಸಿಗೆ ಬಾಟಲಿ ಹಾಲು ಕುಡಿಸಿಕೊಂಡು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕುಳಿತಿದ್ದಾಳೆ ಎಂದು ಯಜಮಾನರ ಹೆಂಡತಿ ಸುದ್ದಿ ತಂದರು. ಗೂಬಣ್ಣ ಎರಡು ಸಲ ಆ ಬೀದಿಯ ತಿರುವಿನವರೆಗೆ ಹೋಗಿ ಮರಳಿದ.

ಕ್ರಿಸ್‌ಮಸ್‌ನ ಹಿಂದಿನ ದಿನ ಯಜಮಾನರು ಬೇಗ ಮನೆಗೆ ಹೋದರು. ಯಂತ್ರ ನಿಂತಿತ್ತು. ಬೆಳಗ್ಗೆ ಎದ್ದ ಹತ್ತಿಯ ಎಳೆಗಳು ಮಧ್ಯಾಹ್ನದ ಬಿಸಿಲಿನಲ್ಲಿ ಇನ್ನೂ ಇಳಿಯುತ್ತಿದ್ದವು. ಬಾಗಿಲ ಹತ್ತಿರ ನೆರಳಾಡಿತು. ತಲೆ ಎತ್ತಿದರೆ ಅಕ್ಕ ನಿಂತಿದ್ದಳು. ಕೂದಲು ಕೆದರಿತ್ತು, ಕಾಲಿನ ಚಪ್ಪಲಿ ಒಂದು ಅವಳದು, ಒಂದು ಮಗಳದು. ಎದೆಗೆ ಅವುಚಿಕೊಂಡ ಬಟ್ಟೆಯ ಗಂಟಿನಲ್ಲಿ ಮಗುವಿತ್ತು.

"ಯಜಮಾನರು ಇಲ್ಲ ಅಕ್ಕ" ಎಂದಷ್ಟೇ ಅವನ ಬಾಯಿಂದ ಬಂತು.

"ಅವರ ಹತ್ರ ನನಗೇನು ಕೆಲಸ?"

ಅವಳು ಒಳಗೆ ಬಂದು, ಒಟ್ಟಿದ್ದ ಹಾಸಿಗೆಗಳ ಅಂಚಿನಲ್ಲಿ ಕುಳಿತಳು. ಅವನ ಕಡೆ ನೋಡದೆ, ಎದುರಿನ ಗೋಡೆಗೆ ಹೇಳುವವಳಂತೆ ಮಾತು ಶುರುಮಾಡಿದಳು.

"ಬೆಳಗ್ಗೆ ಇದನ್ನ ತೊಡೆ ಮೇಲೆ ಹಾಕ್ಕೊಂಡು ಹಾಲು ಕುಡಿಸ್ತಾ ಇದ್ದೆ. ಎಷ್ಟು ದಿನ ಆಗಿತ್ತೋ ನೆಟ್ಟಗೆ ಮಲಗಿ. ಕಣ್ಣು ಮುಚ್ಚಬಾರದು, ಮುಚ್ಚಬಾರದು ಅಂತ ನನಗೆ ನಾನೇ ಹೇಳ್ಕೊಳ್ತಾ ಇದ್ದೆ. ಹೇಳ್ಕೊಳ್ತಾ ಹೇಳ್ಕೊಳ್ತಾನೇ..." ಅವಳು ಗಂಟನ್ನು ಇನ್ನಷ್ಟು ಅವುಚಿಕೊಂಡಳು. "ಅಳು ಕೇಳಿ ಎಚ್ಚರ ಆಯ್ತು. ನೋಡಿದ್ರೆ ತೊಡೆ ಖಾಲಿ."

ಅವನು ಎದ್ದು ನಿಂತ. "ಮಗು?"

"ಏನೂ ಆಗಿಲ್ಲ. ಒಗೆಯೋಕೆ ಅಂತ ಕಾಲ ಹತ್ರ ಬಟ್ಟೆ ರಾಶಿ ಹಾಕಿದ್ದೆ. ಅದರ ಮೇಲೆ ಬಿದ್ದಿತ್ತು. ಡಾಕ್ಟರಿಗೆ ತೋರಿಸ್ಕೊಂಡೇ ಬರ್ತಿದೀನಿ. ಚೆನ್ನಾಗಿದೆ ಅಂದ್ರು."

ಮಗು ನಿದ್ದೆಯಲ್ಲೇ ತುಟಿ ಚಪ್ಪರಿಸಿತು. ಅಕ್ಕ ಆಗ ಮುಖ ತಿರುಗಿಸಿ, ಅಷ್ಟು ವರ್ಷಗಳಲ್ಲಿ ಮೊದಲ ಸಲ, ಅವನ ಕಣ್ಣಿಗೆ ಕಣ್ಣು ಕೊಟ್ಟು ನೋಡಿದಳು.

"ನನ್ನ ಕೆಳಗೆ ಬಟ್ಟೆ ರಾಶಿ ಇತ್ತು. ನಿನ್ನ ಮುಂದೆ ಲಾರಿ ಇತ್ತು. ಅಷ್ಟೇ ಕಣೋ. ಅಷ್ಟೇ ವ್ಯತ್ಯಾಸ."

ಅವನ ಕೈಯಲ್ಲಿದ್ದ ದಬ್ಬಳ ಕೆಳಗೆ ಬಿತ್ತು.

"ಇದರ ಮೇಲೆ ನನಗೆ ಪ್ರೀತಿ ಇರಲಿಲ್ವಾ? ಜೀವಕ್ಕೆ ಜೀವ ಕೊಡ್ತೀನಿ. ಆದ್ರೂ ಮಲಗಿಬಿಟ್ಟೆ. ನೀನು ನಿನ್ನ ಭಾವನ್ನ ಲೆಕ್ಕಕ್ಕಿಟ್ಟಿರಲಿಲ್ಲ, ಅದಕ್ಕೇ ಮಲಗಿದೆ ಅಂತ ನಾನು ಅಂದ್ಕೊಂಡಿದ್ದೆ. ಇಷ್ಟು ವರ್ಷ ಅದನ್ನೇ ಹಿಡ್ಕೊಂಡು ಕೂತಿದ್ದೆ." ಅವಳು ಗಂಟನ್ನು ಮುಂದೆ ಚಾಚಿದಳು. "ತಗೋ."

"ಬೇಡ ಅಕ್ಕ. ನನ್ನ ಕೈಗೆ ಬೇಡ."

"ನೀನು ಮಲಗೋದೇ ಇಲ್ವಂತಲ್ಲ, ಊರೆಲ್ಲ ಆಡ್ಕೊಳ್ಳುತ್ತೆ. ನನ್ನ ಕೈಲಿ ಇನ್ನು ಆಗಲ್ಲ. ನಾನು ಮತ್ತೆ ಬೀಳಿಸ್ತೀನಿ. ಸಂಜೆ ಆಸ್ಪತ್ರೆಗೆ ಹೋಗಬೇಕು, ಸೋಂಕು ಇಳೀತು, ಮಗೂನ ಕರ್ಕೊಂಡು ಬನ್ನಿ ಅಂದಿದಾರೆ. ಅಲ್ಲಿವರೆಗೆ ಸ್ವಲ್ಪ ಒರಗ್ತೀನಿ. ಹಿಡ್ಕೊಳೋ, ದಮ್ಮಯ್ಯ."

ಅವಳು ಅವನ ಒಪ್ಪಿಗೆಗೆ ಕಾಯಲಿಲ್ಲ. ಮಗುವನ್ನು ಅವನ ತೋಳಿಗೆ ಇಳಿಸಿ, ಅಲ್ಲೇ ಹಾಸಿಗೆಯ ಮೇಲೆ ಪಕ್ಕಕ್ಕೆ ವಾಲಿದಳು. ಚಪ್ಪಲಿ ಬಿಡುವಷ್ಟರಲ್ಲೇ ನಿದ್ದೆ ಹೋಗಿದ್ದಳು. ಒಂದು ಚಪ್ಪಲಿ ಕಾಲಿನಲ್ಲೇ ಉಳಿಯಿತು.

ಅವನು ಕಲ್ಲಿನ ಹಾಗೆ ನಿಂತ. ಮಗುವಿಗೆ ತೂಕವೇ ಇರಲಿಲ್ಲ. ಹೊಸ ದಿಂಬಿಗೂ ಇದಕ್ಕಿಂತ ಹೆಚ್ಚು ಭಾರವಿರುತ್ತದೆ. ನಿಂತರೆ ಎಡವಬಹುದು ಎಂದು ನೆಲಕ್ಕೆ ಹಾಸಿದ್ದ ದೊಡ್ಡ ಹಾಸಿಗೆಯ ಮೇಲೆ ಕುಳಿತ. ಕುಳಿತರೆ ಜಾರಬಹುದು ಎಂದು ಎರಡೂ ಪಕ್ಕಕ್ಕೆ ದಿಂಬುಗಳನ್ನು ಕಾಲಿನಿಂದಲೇ ಎಳೆದುಕೊಂಡ. ಅದೂ ಸಾಲದೆನಿಸಿ ಮೆಲ್ಲಗೆ ಬೆನ್ನು ಹಿಂದಕ್ಕೆ ಇಳಿಸಿ, ಬೀಳಲು ಜಾಗವೇ ಇಲ್ಲದ ಹಾಗೆ ಅಂಗಾತನಾಗಿ, ಮಗುವನ್ನು ಎದೆಯ ಮೇಲೆ ಬೋರಲು ಮಲಗಿಸಿಕೊಂಡ. ಅದರ ನೆತ್ತಿಯ ಮೆತ್ತನೆಯ ಜಾಗದಲ್ಲಿ ಜೀವ ಮಿಡಿಯುತ್ತಿತ್ತು. ಹಾಲಿನ ಹುಳಿವಾಸನೆ. ಅದು ಯಾರನ್ನೂ ಏನನ್ನೂ ಕೇಳದೆ, ಇವನು ಯಾರು, ಈ ಕೈ ಏನು ಮಾಡಿತ್ತು ಎಂದು ವಿಚಾರಿಸದೆ, ತನ್ನ ಇಡೀ ನಿದ್ದೆಯನ್ನು ಇವನ ಮೇಲೆ ಹಾಕಿ ಮಲಗಿತ್ತು. ಮರದ ಮಗುವಿನ ಮುಚ್ಚಿದ ಕಣ್ಣು ಅವನಿಗೆ ನೆನಪಾಯಿತು. ನಂಬಿಕೆ ಇಟ್ಟು ಮಲಗಿಬಿಟ್ಟ ಎಂದಿದ್ದರು ಫಾದರ್. ದೇವರು ತನ್ನನ್ನು ಕಾಯಲು ಬಂದಿದ್ದಾನೆ ಎಂದೇ ಇವನು ತಿಳಿದಿದ್ದ. ಇವನ ಕೈಗೆ ತನ್ನನ್ನೇ ಕೊಟ್ಟು ನೋಡಲು ಬಂದಿದ್ದಾನೆ ಎಂದು ಈಗ ಹೊಳೆಯಿತು.

ಎಚ್ಚರವಿರಬೇಕು ಎಂದುಕೊಂಡ. ಕಿಟಕಿಯ ಬಿಸಿಲಿನಲ್ಲಿ ಹತ್ತಿಯ ಎಳೆಗಳು ಇಳಿಯುತ್ತಲೇ ಇದ್ದವು. ಎಚ್ಚರವಿರಬೇಕು.

ರಸ್ತೆ ಬಂತು. ಬಿಸಿಲು ನೀರಿನ ಹಾಗೆ ನಡುಗುವ ಅದೇ ರಸ್ತೆ. ಆದರೆ ಎರಡೂ ಬದಿಯಲ್ಲಿ ಬೆಳ್ಳಗೆ ಅರಳೆ ಒಟ್ಟಿತ್ತು, ವ್ಯಾನಿನ ಚಕ್ರ ಅದರೊಳಗೆ ಹೂತು ಸದ್ದಿಲ್ಲದೆ ನಿಧಾನವಾಗಿ ನಿಂತಿತು. ಪಕ್ಕದಲ್ಲಿ ಭಾವ ಕಣ್ಣು ಬಿಟ್ಟುಕೊಂಡು ಕುಳಿತಿದ್ದ. "ಇಳಿ, ಬಂತು" ಎಂದ. ರಸ್ತೆಬದಿಯಲ್ಲಿ ಒಂದು ಕೊಟ್ಟಿಗೆ. ಬಾಗಿಲಲ್ಲಿ ನಿಂತ ಎಳೆಯ ಹೆಂಗಸು ತುಟಿಯ ಮೇಲೆ ಬೆರಳಿಟ್ಟು ಒಳಗೆ ಬರುವಂತೆ ಕಣ್ಣಲ್ಲೇ ಕರೆದಳು. ಒಳಗೆ ಎಲ್ಲರೂ ಮಲಗಿದ್ದರು. ಹಸು ಮಲಗಿತ್ತು, ಕುರಿ ಕಾಯುವವರು ಒಬ್ಬರ ಮೇಲೊಬ್ಬರು ಒರಗಿ ಮಲಗಿದ್ದರು. ನಡುವೆ ಹುಲ್ಲಿನಲ್ಲಿ ಒಂದು ಮಗು, ಮುಷ್ಟಿ ಬಿಗಿದು, ಬಾಯಿ ಸ್ವಲ್ಪ ತೆರೆದು ಮಲಗಿತ್ತು. ಭಾವ ತನ್ನ ಅಂಗಿಯನ್ನು ಬಿಚ್ಚಿ ಮಡಚಿ ಇವನಿಗೆ ತಲೆದಿಂಬು ಮಾಡಿಕೊಟ್ಟ. "ನೀನೂ ದಣಿದಿದ್ದೆ ಕಣೋ. ಆವತ್ತು ಬೆಳಗಿನ ಜಾವದಿಂದ ನೀನೊಬ್ಬನೇ ಓಡಿಸ್ತಿದ್ದೆ. ನಾನೇ ನಿಲ್ಲಿಸು ಅನ್ನಬೇಕಿತ್ತು" ಎಂದ. ಅವನ ದನಿಯಲ್ಲಿ ದೂರು ಇರಲಿಲ್ಲ.

ಗೂಬಣ್ಣ ಬೆಚ್ಚಿ ಕಣ್ಣು ಬಿಟ್ಟ. ಕಿಟಕಿಯಲ್ಲಿ ಬಿಸಿಲು ಇರಲಿಲ್ಲ. ನಿದ್ದೆ ಹೋಗಿದ್ದೆ ಎಂದು ತಿಳಿದ ಕೂಡಲೇ ಗಂಟಲಿನಿಂದ ಪ್ರಾಣಿಯಂಥ ಸ್ವರ ಹೊರಟಿತು. ಎರಡೂ ಕೈ ಎದೆಗೆ ಹಾರಿದವು. ಅಲ್ಲಿ ಮಗುವಿತ್ತು. ಮಗುವಿನ ಬೆನ್ನಿನ ಮೇಲೆ ಅಕ್ಕನ ಕೈಯಿತ್ತು. ಅವಳು ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಳು.

"ಶ್... ಮಲಗು. ನಾನೆದ್ದಿದೀನಿ."

"ನೀನು ನನ್ನ ನಂಬಿ ಕೊಟ್ಟೆ. ನಾನು..."

"ಮಲಗಿಬಿಟ್ಟೆ. ನೋಡ್ದೆನಲ್ಲ." ಅವಳ ಕೆನ್ನೆ ಒದ್ದೆಯಾಗಿತ್ತು. "ಎದ್ದು ನೋಡಿದ ತಕ್ಷಣ ಎದೆ ಧಸಕ್ ಅಂತು. ಕೆನ್ನೆಗೊಂದು ಬಿಟ್ಟು ಎಬ್ಬಿಸೋಣ ಅನ್ನಿಸ್ತು, ಸುಳ್ಳು ಹೇಳಲ್ಲ. ಆಮೇಲೆ ನೋಡಿದ್ರೆ ಚಿಕ್ಕವನಿದ್ದಾಗ ಹೇಗೆ ಮಲಗ್ತಿದ್ದೆಯೋ ಹಾಗೇ, ಬಾಯಿ ತೆರ್ಕೊಂಡು. ಎರಡೂ ಕೈಯಿಂದ ಇದನ್ನ ಹಿಡ್ಕೊಂಡಿದ್ದೆ. ನಿದ್ದೇಲೂ ಬಿಟ್ಟಿರಲಿಲ್ಲ. ಕೈ ಇಟ್ಟುಕೊಂಡು ಕೂತೆ."

ಅವನು ಮಲಗಿದ್ದಲ್ಲಿಂದಲೇ ಹೇಳಿದ. ಕೋರ್ಟಿನಲ್ಲೂ ಹೇಳಲಾಗದ, ಜೈಲಿನಿಂದಲೂ ಹೇಳಿ ಕಳಿಸಲಾಗದ ಮಾತು ಅದು. "ನನ್ನ ತಪ್ಪನ್ನ ಹೊಟ್ಟೆಗೆ ಹಾಕ್ಕೋ ಅಕ್ಕ."

ಅವಳು ಬಹಳ ಹೊತ್ತು ಮಗುವಿನ ಬೆನ್ನು ಸವರಿದಳು. "ಅವರು ಇಲ್ಲದ್ದು ಇಲ್ಲವೇ. ನಾಳೆಯೂ ಅದು ಹಾಗೇ ಇರುತ್ತೆ, ನನಗೆ ಸಿಟ್ಟೂ ಬರುತ್ತೆ. ಬಂದಾಗ ಬೈತೀನಿ, ಬೈಸ್ಕೋ. ಆದ್ರೆ ನೀನು ಇದೀಯ. ಅದನ್ನ ನಾನು ಇಷ್ಟು ದಿನ ಒಪ್ಕೊಂಡೇ ಇರಲಿಲ್ಲ. ಅವರ ಜೊತೆ ನಿನ್ನನ್ನೂ ಹೂತುಬಿಟ್ಟಿದ್ದೆ." ಆಮೇಲೆ ಮೂಗು ಒರೆಸಿಕೊಂಡು, "ಏಳು, ಹೊತ್ತಾಯ್ತು. ಅವಳು ಕಾಯ್ತಿರ್ತಾಳೆ" ಎಂದಳು.

ಆಸ್ಪತ್ರೆಯ ಮುಂದಿನ ರಸ್ತೆಯಲ್ಲಿ ವಾಹನಗಳು ಒಂದರ ಹಿಂದೊಂದು ಬರುತ್ತಿದ್ದವು. ಮಗು ಅವನ ತೋಳಿನಲ್ಲಿತ್ತು, ಚೀಲ ಅವಳ ಕೈಯಲ್ಲಿತ್ತು. ಅವನಿಗೆ ಕಾಲು ಎತ್ತಿಡಲಾಗಲಿಲ್ಲ. ಒಂದು ಬಸ್ಸು ನಿಧಾನಿಸಿತು. ಚಾಲಕ ಮಗುವನ್ನು ಕಂಡು ಪೂರ್ತಿ ನಿಲ್ಲಿಸಿ, ದಾಟಿ ಎಂದು ಕೈ ಬೀಸಿದ. ಅಕ್ಕ ಗೂಬಣ್ಣನ ಅಂಗಿಯ ತೋಳನ್ನು ಹಿಡಿದು ಎಳೆದುಕೊಂಡು ನಡೆದಳು.

ವಾರ್ಡಿನಲ್ಲಿ ಮಗಳು ದಿಂಬಿಗೆ ಒರಗಿ ಕುಳಿತಿದ್ದಳು. ಜ್ವರ ಇಳಿದಿತ್ತು. ಒಳಬಂದ ಇಬ್ಬರನ್ನೂ ನೋಡಿ ಅವಳ ಬಾಯಿ ತೆರೆದದ್ದು ಹಾಗೇ ಉಳಿಯಿತು. ಮಗುವನ್ನು ಈಸಿಕೊಂಡು, ಮುಖ ತಗ್ಗಿಸಿ, "ತುಂಬ ಅಳ್ತಿತ್ತಾ?" ಎಂದು ಕೇಳಿದಳು.

"ಮಗು ಅಳಲಿಲ್ಲ. ನಿನ್ನ ಮಾವ ಅತ್ತ" ಎಂದಳು ಅಕ್ಕ.

"ನೀನು ಅಳಲಿಲ್ವಾ ಅಮ್ಮ?"

"ಸಾಕು, ಬಾಯಿ ಮುಚ್ಕೊಂಡು ಹಾಲು ಕೊಡು."

ಅಂದಿನಿಂದ ಅವನಿಗೆ ದಿನವೂ ಸುಖನಿದ್ದೆ ಬಂತು ಎಂದೇನಿಲ್ಲ. ಕೆಲವು ರಾತ್ರಿ ಕುರ್ಚಿಯೇ ಗತಿಯಾಗುತ್ತಿತ್ತು. ಆದರೆ ಮಂಚದ ಮೇಲಿನ ಬಟ್ಟೆಬರೆಗಳು ಗೂಟಕ್ಕೆ ಹೋದವು.

ಕ್ರಿಸ್‌ಮಸ್ ದಿನ, ಆಸ್ಪತ್ರೆಗೆ ಹೋಗಿಬಂದ ಮಾರನೆಯ ಬೆಳಗ್ಗೆ, ಪೂಜೆ ಮುಗಿದ ಮೇಲೆ ಅಕ್ಕ ಚರ್ಚಿನ ಮೆಟ್ಟಿಲಲ್ಲಿ ನಿಂತಿದ್ದಳು. "ಊಟಕ್ಕೆ ಬಾ" ಎಂದಳು, ಅವನ ಮುಖ ನೋಡದೆ. ಆ ಮನೆಯೊಳಗೆ ಕಾಲಿಟ್ಟು ಎಷ್ಟೋ ವರ್ಷವಾಗಿತ್ತು. ಅಡುಗೆಮನೆಯ ಮೇಜಿನ ಸುತ್ತ ನಾಲ್ಕು ಕುರ್ಚಿ. ಕಿಟಕಿಯ ಹತ್ತಿರದ್ದು ಭಾವನದು. ಅದರ ಬೆನ್ನಿಗೆ ಭಾವನ ಹಳೆಯ ಸ್ವೆಟರ್ ಇನ್ನೂ ಹಾಗೆಯೇ ತೂಗುತ್ತಿತ್ತು. ಅವನು ಬಾಗಿಲಲ್ಲೇ ನಿಂತ. ಅಕ್ಕ ಆ ಕುರ್ಚಿಯನ್ನು ಮುಟ್ಟಲಿಲ್ಲ. ಅದರ ಪಕ್ಕದ್ದನ್ನು ಎಳೆದಳು.

"ಇಲ್ಲಿ ಕೂತ್ಕೋ. ಬಿಸಿ ಆರಿಹೋಗುತ್ತೆ."

ಅವನು ಹೋಗಿ ಕುಳಿತ.